ಕಂಕುಳಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಬಂದ ಇಬ್ಬರು

ಕರೆಂಟು ಹೋಗಬಹುದಿತ್ತು. ಕರೆಂಟು ಹೋದಾಗಲೇ ಯುಪಿಎಸ್ಸೂ ಕೈಕೊಡಬಹುದಿತ್ತು. ಬಿ.ಎಚ್. ರಸ್ತೆಯಲ್ಲಿ ಯಾರಾದರೂ ಗುಂಡಿ ತೋಡಿ ಇಂಟರ್ನೆಟ್ ಕೇಬಲ್ ಕತ್ತರಿಸಬಹುದಿತ್ತು. ನಮ್ಮ ಕಡೆ ಗುಂಡಿ ತೋಡುವುದಕ್ಕೆ ಮುಹೂರ್ತ ನೋಡುವುದಿಲ್ಲ. ಕೆಳಗಿನ ಬೇಕರಿಯವರು ಅವತ್ತೇ ಹೊಸ ಹಿಟ್ಟಿನ ಮಿಕ್ಸರ್ ಶುರು ಮಾಡಬಹುದಿತ್ತು. ಸಾಕ್ಷಿ ಹೇಳಬೇಕಾದ ಅಜ್ಜಿಗೆ ಬಿಪಿ ಏರಬಹುದಿತ್ತು, ಇಲ್ಲವೇ ಸಿಟ್ಟು ಬಂದು ಎದ್ದು ಹೋಗಬಹುದಿತ್ತು, ಅಥವಾ ಅವರ ಕಾರು ಹೆಬ್ಬೂರಿನ ಹತ್ತಿರ ಪಂಕ್ಚರ್ ಆಗಿ ನಿಲ್ಲಬಹುದಿತ್ತು. ಭೂಮಿಯ ಆ ಬದಿಯಲ್ಲಿ ನ್ಯಾಯಾಧೀಶರಿಗೆ ಜ್ವರ ಬರಬಹುದಿತ್ತು. ಕಾಲವ್ಯತ್ಯಾಸವನ್ನು ನಾನು ಕೂಡುವ ಬದಲು ಕಳೆದು, ಸಂಜೆ ಬರಬೇಕಾದವಳು ಮಧ್ಯರಾತ್ರಿ ಬಂದು ಬೀಗ ಹಾಕಿದ ಬಾಗಿಲ ಮುಂದೆ ಬ್ಯಾಗ್ ಹಿಡಿದು ನಿಂತಿರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನಗೆ ಸ್ಪ್ಯಾನಿಶ್ ಪೂರ್ತಿ ಮರೆತು ಹೋಗಬಹುದಿತ್ತು. ಕನಸಿನಲ್ಲಿ ಒಮ್ಮೆ ಹಾಗಾಗಿತ್ತು: ಕೋರ್ಟಿನ ಮುಂದೆ ನಿಂತು ಪಂಪ್‌ಸೆಟ್ಟಿನ ಕೈಪಿಡಿ ಓದುತ್ತಿದ್ದೆ, ಅದೂ ವಾರಂಟಿಯ ಪುಟ.

ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದರೆ ನಮ್ಮನೆಯವರು ಸಾರು ಬಡಿಸಿಕೊಳ್ಳುತ್ತಾ, "ಭೂಕಂಪ ಬಿಟ್ಟೆ ಕಣೇ" ಅಂದರು.

ಬಿಟ್ಟಿರಲಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕೆಲಸ ಕೇಳುವುದಕ್ಕೆ ಸರಳವಾಗಿತ್ತು. ಕುಣಿಗಲ್‌ನ ಒಬ್ಬ ಅಜ್ಜಿ ಕನ್ನಡದಲ್ಲಿ ಹೇಳುವ ಸಾಕ್ಷ್ಯವನ್ನು ನಾನು ಸ್ಪ್ಯಾನಿಶ್‌ಗೆ ತಿರುಗಿಸಿ, ವಿಡಿಯೊ ಮೂಲಕ ಉರುಗ್ವೆ ದೇಶದ ಒಂದು ನ್ಯಾಯಾಲಯಕ್ಕೆ ಒಪ್ಪಿಸಬೇಕು. ಅಲ್ಲಿಂದ ಬಂದ ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ಅಜ್ಜಿಗೆ ಕೇಳಬೇಕು. ನಾನು ಗುಬ್ಬಿಯ ಮನೆಯಲ್ಲಿ ಕೂತು ಯಂತ್ರಗಳ ಕೈಪಿಡಿಗಳನ್ನು ಸ್ಪ್ಯಾನಿಶ್‌ಗೆ ಅನುವಾದಿಸುವವಳು. ನನ್ನ ತಪ್ಪಿನಿಂದ ಗಾಣ ಉಲ್ಟಾ ತಿರುಗಿದರೆ ಯಾರೋ ಒಬ್ಬರು ಫೋನ್ ಮಾಡಿ ಬೈಯುತ್ತಾರೆ, ನಾನು ತಿದ್ದುತ್ತೇನೆ. ಇಲ್ಲಿ ತಿದ್ದುವುದಕ್ಕೆ ಎರಡನೇ ಮುದ್ರಣ ಇರಲಿಲ್ಲ.

ವಿಷಯ ಹಳೆಯದು, ನಮಗೆ ದೂರದ್ದು. ಎಪ್ಪತ್ತರ ದಶಕದಲ್ಲಿ ದಕ್ಷಿಣ ಅಮೆರಿಕದ ಹಲವು ದೇಶಗಳನ್ನು ಮಿಲಿಟರಿಯವರು ಆಳುತ್ತಿದ್ದರು. ಒಂದು ದೇಶದಲ್ಲಿ ಜೀವಕ್ಕೆ ಅಪಾಯವಾದ ಕಾರ್ಮಿಕ ಸಂಘದವರು, ವಿದ್ಯಾರ್ಥಿಗಳು, ಪತ್ರಕರ್ತರು ಪಕ್ಕದ ದೇಶಕ್ಕೆ ಓಡಿಹೋಗಿ ಬಾಡಿಗೆ ಮನೆ ಹಿಡಿದು ಬದುಕುತ್ತಿದ್ದರು. ಗಡಿ ದಾಟಿದರೆ ಉಳಿದೆವು ಎಂದು ಅವರು ತಿಳಿದಿದ್ದರು. ಆದರೆ ಈ ಸರ್ಕಾರಗಳು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದವು: ನಿನ್ನವರು ನನ್ನ ಊರಲ್ಲಿದ್ದರೆ ನೀನೇ ಬಂದು ಹಿಡಿದುಕೋ, ನಾನು ಬಾಗಿಲು ತೆಗೆದು ಕೊಡುತ್ತೇನೆ. ಸಮವಸ್ತ್ರವಿಲ್ಲದ ಅಧಿಕಾರಿಗಳು ಗಡಿ ದಾಟಿ ಬರುತ್ತಿದ್ದರು, ಹಿಡಿಯುತ್ತಿದ್ದರು, ಕಾಗದಪತ್ರವಿಲ್ಲದೆ ಸಾಗಿಸುತ್ತಿದ್ದರು. ಮನೆಯವರು ಹುಡುಕಿಕೊಂಡು ಹೋದರೆ ಈ ಸರ್ಕಾರ "ಅವರು ನಮ್ಮಲ್ಲಿಲ್ಲ" ಅನ್ನುತ್ತಿತ್ತು, ಆ ಸರ್ಕಾರ "ಅವರು ನಮ್ಮಲ್ಲಿಗೆ ಬಂದೇ ಇಲ್ಲ" ಅನ್ನುತ್ತಿತ್ತು. ಈ ಏರ್ಪಾಡಿಗೆ ಅವರು ಕಾಂಡೋರ್ ಎಂಬ ಅಲ್ಲಿಯ ರಣಹದ್ದಿನ ಹೆಸರಿಟ್ಟಿದ್ದರು.

ನಮ್ಮ ಮೊಕದ್ದಮೆ ಒಬ್ಬ ತಾಯಿಯದು. ಆಕೆ ಉರುಗ್ವೆಯಿಂದ ನದಿ ದಾಟಿ ಅರ್ಜೆಂಟೀನಾದ ರಾಜಧಾನಿಗೆ ಹೋಗಿ, ಎಳೆಗೂಸಿನ ಜೊತೆ ಒಂದು ವಠಾರದ ಕೆಳಮನೆಯಲ್ಲಿದ್ದಳು. ಒಂದು ಬೆಳಗಿನ ಜಾವ ಅವಳನ್ನು ಹಿಡಿದುಕೊಂಡು ಹೋದರು. ಮತ್ತೆ ಯಾರೂ ಅವಳನ್ನು ನೋಡಿಲ್ಲ. ಮಗು ಉಳಿಯಿತು. ಆ ಮಗುವಿಗೆ ಈಗ ಐವತ್ತರ ಹತ್ತಿರ. ಮೊಕದ್ದಮೆ ಹೂಡಿದವಳೂ ಅವಳೇ. ಆರೋಪಿ ಉರುಗ್ವೆಯ ನಿವೃತ್ತ ಅಧಿಕಾರಿ. ಆತನ ವಾದ ಒಂದೇ ಸಾಲಿನದು: ನನ್ನ ತಂಡದವರು ಯಾರೂ ಆ ಕಾಲದಲ್ಲಿ ನದಿ ದಾಟಲೇ ಇಲ್ಲ, ಹಿಡಿದವರು ಆ ದೇಶದ ಪೊಲೀಸರು, ಅವರನ್ನು ಕೇಳಿ. ಅವರಲ್ಲಿ ಬದುಕಿರುವವರು ಯಾರೂ ಇಲ್ಲ.

ವಠಾರದಲ್ಲಿ ಅವತ್ತು ಎಚ್ಚರವಿದ್ದು, ಇವತ್ತೂ ಬದುಕಿರುವವರು ಒಬ್ಬರೇ. ಅವರು ಕುಣಿಗಲ್‌ನಲ್ಲಿದ್ದರು.

ಕೆಲಸ ಒಪ್ಪಿಕೊಳ್ಳುವ ಮುಂಚೆ ಮಗಳ ಪರ ವಕೀಲೆ ಇದನ್ನು ನನಗೆ ಹೇಳಿದಾಗ ನಾನು ನಂಬಲಿಲ್ಲ. ಚರ್ಮದ ವ್ಯಾಪಾರದ ಬೆಂಗಳೂರಿನ ಒಂದು ಕುಟುಂಬ ಆಗ ಅದೇ ವಠಾರದ ಎರಡನೇ ಮಹಡಿಯಲ್ಲಿತ್ತಂತೆ. ತಮ್ಮ ಮಗುವನ್ನು ನೋಡಿಕೊಳ್ಳಲು ಕುಣಿಗಲ್‌ನಿಂದ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋಗಿದ್ದರಂತೆ. ಮನೆಯೊಡತಿ ಮುಂದೆ ಎಷ್ಟೋ ವರ್ಷ "ನಮ್ಮ ಆಯಾ ಎಲ್ಲ ನೋಡಿದ್ದಳು" ಅಂತ ಹೇಳುತ್ತಿದ್ದಳಂತೆ. ಅದನ್ನು ಕೇಳುತ್ತಾ ಬೆಳೆದ ಆ ಮನೆಯ ಮಗುವೇ ವಕೀಲೆಗೆ ದಾರಿ ತೋರಿಸಿದ್ದು.

ದುಭಾಷಿಗೆ ಕೆಲವು ನಿಯಮಗಳಿವೆ. ಸಾಕ್ಷಿ "ನಾನು" ಅಂದರೆ ನಾನೂ "ನಾನು" ಅನ್ನಬೇಕು. ಏನೂ ಸೇರಿಸಬಾರದು, ಏನೂ ಬಿಡಬಾರದು, ಚಂದ ಮಾಡಬಾರದು. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಬೇಕು, ಊಹಿಸಬಾರದು. ತೀರ್ಪು ಬರುವವರೆಗೆ ಎರಡೂ ಕಡೆಯವರ ಜೊತೆ ಬೇರೆ ಮಾತಿಲ್ಲ. ವಿಚಾರಣೆಗೆ ಮುಂಚೆ ಸಾಕ್ಷಿಯನ್ನು ಒಮ್ಮೆ ನೋಡಬಹುದು, ಅವರ ಮಾತಿನ ಧಾಟಿ ಕಿವಿಗೆ ಹತ್ತುವುದಕ್ಕೆ; ಆದರೆ ಮೊಕದ್ದಮೆಯ ವಿಷಯ ಎತ್ತಬಾರದು.

ಹೀಗೆ ಮೊಕದ್ದಮೆ ಬಿಟ್ಟು ಬೇರೆಲ್ಲ ಮಾತಾಡುವುದಕ್ಕೆಂದು ಒಂದು ಮಧ್ಯಾಹ್ನ ಕುಣಿಗಲ್‌ಗೆ ಹೋದೆ. ಬೀದಿಯವರೆಲ್ಲ ಅವರನ್ನು ನಾನಿ, ಅಂದರೆ ಅಜ್ಜಿ, ಅನ್ನುತ್ತಿದ್ದರು. ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಒಳಗೆ ಅವರ ಮಗಳು ಹೊಲಿಗೆ ಯಂತ್ರ ತುಳಿಯುತ್ತಿದ್ದಳು; ಯಂತ್ರ ನಿಂತಾಗಲೆಲ್ಲ ಅವಳ ಬಾಯಿ ಶುರುವಾಗುತ್ತಿತ್ತು.

"ಏನಮ್ಮಾ ನೀವು, ಕೋರ್ಟ್‌ನೋರಾ? ನಮ್ಮಮ್ಮುಂಗೆ ನಿನ್ನೆ ಏನ್ ತಿಂದೆ ಅಂತ ಕೇಳಿ, ಗೊತ್ತಿಲ್ಲ ಅಂತಾರೆ. ಐವತ್ತು ವರ್ಷದ್ ಹಿಂದಿನದು ಕೇಳಾಕೆ ಬಂದವ್ರೆ!"

"ನಿನ್ನೆ ನೀನು ಮಾಡಿದ್ ಸಾರು ನೆನಪಿಟ್ಕೊಳ್ಳೋ ಹಂಗಿತ್ತೇನೇ?" ಅಂದರು ನಾನಿ, ತಲೆ ಎತ್ತದೆ.

ನನ್ನ ಚಿಂತೆ ಭಾಷೆಯದಾಗಿತ್ತು. ಮನೆಯಲ್ಲಿ ಅವರದು ಉರ್ದು. ನಡುವೆ ಉರ್ದುವಿಗೆ ಜಾರಿದರೆ ನನ್ನ ಗತಿ ಏನು? ಸಾಕ್ಷ್ಯ ಯಾವ ಭಾಷೆಯಲ್ಲಿ ಹೇಳುತ್ತೀರಿ ಎಂದು ಮಾತ್ರ ಕೇಳಬಹುದಿತ್ತು, ಕೇಳಿದೆ.

"ಕನ್ನಡದಲ್ಲೇ ಕಣಮ್ಮ. ಉರ್ದು ಮನೇಲಿ ಬೈಯೋಕೆ. ಅಳೋಕೂ ಅದೇ. ಕೋರ್ಟಲ್ಲಿ ಅಳಬಾರ್ದಲ್ಲ."

ಅವರ ಮಾತು ನಿಲ್ಲಿಸಲು ನನಗೆ ಒಂದು ಸನ್ನೆ ಬೇಕಿತ್ತು. ಎರಡು ಮೂರು ಮಾತು ಆದ ಮೇಲೆ ನಾನು ಮೇಜಿನ ಮೇಲೆ ಅಂಗೈ ಊರುತ್ತೇನೆ, ಆಗ ನೀವು ನಿಲ್ಲಿಸಬೇಕು, ನಾನು ಅವರಿಗೆ ಹೇಳಿ ಮುಗಿಸಿದ ಮೇಲೆ ಮುಂದುವರಿಸಬೇಕು ಅಂತ ವಿವರಿಸಿದೆ. ಅಲ್ಲೇ ಹುಣಸೆಹಣ್ಣಿನ ಬೆಲೆಯ ಮೇಲೆ ಅಭ್ಯಾಸ ಮಾಡಿದೆವು. ನಾನು ಅಂಗೈ ಊರಿದೆ. ಅವರು ನಿಲ್ಲಿಸಲಿಲ್ಲ. ಇನ್ನೊಮ್ಮೆ ಊರಿದೆ. ನನ್ನ ಕೈ ಎತ್ತಿ ಪಕ್ಕಕ್ಕಿಟ್ಟು, "ಹಣ್ಣಿಗೆ ಧೂಳಾಯ್ತದೆ" ಅಂದು ಮುಂದುವರಿಸಿದರು.

ಅದಾದ ಮೇಲೆ ನನ್ನ ತಾಲೀಮು ಗುಬ್ಬಿಯ ಬಸ್ಸುಗಳಲ್ಲಿ ನಡೆಯಿತು. ಯಾರೂ ನಿಲ್ಲಿಸದೆ ಮಾತಾಡುವ ಜಾಗ ಅದೇ. ಸಿ.ಎಸ್. ಪುರದ ಬಸ್ಸಿನಲ್ಲಿ ಇಬ್ಬರು ತೆಂಗಿನಕಾಯಿ ಲೋಡಿನ ಬಗ್ಗೆ ಜಗಳಕ್ಕೆ ಬಿದ್ದರೆ ನಾನು ಹಿಂದಿನ ಸೀಟಿನಲ್ಲಿ ಕೂತು ಬಾಣದ ಗುರುತು, ಅಡ್ಡಗೆರೆ, ಅರ್ಧ ಅಕ್ಷರಗಳಲ್ಲಿ ಬರೆದುಕೊಂಡು, ಸಣ್ಣ ದನಿಯಲ್ಲಿ ಸ್ಪ್ಯಾನಿಶ್‌ನಲ್ಲಿ ಒಪ್ಪಿಸುತ್ತಿದ್ದೆ. "ನಿಮ್ಮಪ್ಪನ ಮನೆ ಲಾರೀನಾ ಅದು?" ಎಂಬುದನ್ನು ಸ್ಪ್ಯಾನಿಶ್‌ನಲ್ಲಿ ಗೌರವವಾಗಿ ಹೇಳುವುದು ಹೇಗೆಂದು ಕಡಬದವರೆಗೂ ಯೋಚಿಸಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಂದು ದಿನ ನನ್ನ ಮೊಣಕೈ ಮುಟ್ಟಿ, "ಯಾವ ದೇವ್ರ ಮಂತ್ರ ಅವ್ವಾ ಇದು?" ಅಂದಳು. ಒಳ್ಳೇದಾಗುತ್ತಾ ಅಂತಲೂ ಕೇಳಿದಳು. ನೋಡೋಣ ಅಂದೆ.

ವಿಚಾರಣೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಬೇಕರಿಯ ಮೇಲಿನ ಬಾಡಿಗೆ ಕೊಠಡಿಯಲ್ಲಿ. ಅಲ್ಲಿನ ಬೆಳಿಗ್ಗೆ ನಮಗೆ ಸಂಜೆ. ಸಾಕ್ಷ್ಯ ದಾಖಲಿಸಲು ಇಲ್ಲಿನ ಕಡೆಯಿಂದ ನೇಮಕವಾಗಿದ್ದವರು ತುಮಕೂರಿನ ಒಬ್ಬ ಹಿರಿಯ ವಕೀಲರು. ಕಮಿಷನರು ಅಂತ ಕರೆಯುತ್ತಾರೆ. ನಾನು ಎರಡು ಲ್ಯಾಪ್‌ಟಾಪು, ಮೂರು ಕಂಪನಿಯ ಡಾಂಗಲ್ಲು, ಎರಡು ಹೆಡ್‌ಫೋನು, ಟಾರ್ಚು, ಕೆಮ್ಮಿನ ಮಾತ್ರೆ ಮೇಜಿನ ಮೇಲೆ ಜೋಡಿಸುವುದನ್ನು ಅವರು ಕೈಕಟ್ಟಿ ನೋಡಿದರು.

"ಏನ್ ಮೇಡಂ, ಸಾಕ್ಷಿ ಹೇಳಿಸ್ತೀರೋ, ರಾಕೆಟ್ ಹಾರಿಸ್ತೀರೋ?"

ನಾನಿ ಹೊತ್ತಿಗೆ ಸರಿಯಾಗಿ ಬಂದರು. ಕಾರು ಪಂಕ್ಚರ್ ಆಗಿರಲಿಲ್ಲ. ಪರದೆಯ ಮೇಲೆ ಚೌಕಗಳು ತೆರೆದುಕೊಂಡವು: ಮಧ್ಯದಲ್ಲಿ ನ್ಯಾಯಾಧೀಶರು, ಒಂದು ಪಕ್ಕ ಮಗಳ ಪರ ವಕೀಲೆ, ಇನ್ನೊಂದು ಪಕ್ಕ ಆರೋಪಿಯ ವಕೀಲ. ಮೂಲೆಯ ಒಂದು ಸಣ್ಣ ಚೌಕದಲ್ಲಿ ಕನ್ನಡಕ ಹಾಕಿದ, ಕೂದಲು ನೆರೆತ ಒಬ್ಬ ಹೆಂಗಸು ಸುಮ್ಮನೆ ಕೂತಿದ್ದಳು. ಅವಳೇ ಆ ಮಗಳು ಅಂತ ನನಗೆ ಗೊತ್ತಿತ್ತು. ನಾನಿಗೆ ಯಾರೂ ಹೇಳಿರಲಿಲ್ಲ.

ಪ್ರಮಾಣ ಆಯಿತು, ಮೊದಲು ನನ್ನದು, ಆಮೇಲೆ ಅವರದು. ಮಗಳ ಪರ ವಕೀಲೆ, ಆ ಬೆಳಗಿನ ಜಾವ ಕಂಡದ್ದನ್ನು ಹೇಳಿ ಅಂದಳು.

"ನಾನು ಅಡುಗೆಮನೆ ಕಿಟಕಿ ಹತ್ರ ನಿಂತಿದ್ದೆ" ಅಂತ ಶುರುಮಾಡಿದರು ನಾನಿ.

ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದೆ, ಅಂದೆ ನಾನು ಸ್ಪ್ಯಾನಿಶ್‌ನಲ್ಲಿ. ಆ ಕ್ಷಣಕ್ಕೆ ನಾನು ನಿಜಕ್ಕೂ ಅಲ್ಲಿ ನಿಂತಿದ್ದೆ. ಅಂಗೈ ಊರುವ ಅಗತ್ಯವೇ ಬೀಳಲಿಲ್ಲ. ಒಂದೊಂದು ಮಾತಿಗೂ ಅವರೇ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು, ಮಗುವಿಗೆ ತುತ್ತು ಇಟ್ಟು ಅಗಿಯುವವರೆಗೆ ಕಾಯುವವರ ಹಾಗೆ.

ಅಂಗಳದ ಗೇಟಿನಲ್ಲಿ ದೀಪವಿತ್ತು. ಐದಾರು ಜನ ಬಂದರು. ಕೆಳಮನೆಯ ಬಾಗಿಲು ತಟ್ಟಲಿಲ್ಲ, ಒದ್ದರು. ಸ್ವಲ್ಪ ಹೊತ್ತಿಗೆ ಅವಳನ್ನು ಇಬ್ಬರು ತೋಳು ಹಿಡಿದು ಕರೆತಂದರು.

"ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ತಿರುಗಿ ಬಾಗ್ಲು ನೋಡಿದ್ಲು. ಮೇಲಕ್ಕೆ ನೋಡ್ಲಿಲ್ಲ."

ಕೂಗಿದಳೇ ಅಂತ ವಕೀಲೆ ಕೇಳಿದಳು.

"ಇಲ್ಲ. ಕೂಗಿದ್ರೆ ಮಗು ಎದ್ದುಬಿಡ್ತದೆ ಅಂತ ಇರ್ಬೋದು." ಸ್ವಲ್ಪ ತಡೆದು, "ಅದು ನನ್ನ ಅನಿಸಿಕೆ. ಬರ್ಕೋಬೇಡಿ" ಅಂದರು.

ಏನನ್ನೂ ಬಿಡಬಾರದು ಎಂಬುದು ನಿಯಮ. ಬರೆದುಕೊಳ್ಳಬೇಡಿ ಎಂಬುದನ್ನೂ ಹೇಳಿದೆ. ಅವರು ಅದನ್ನೂ ಬರೆದುಕೊಂಡರು.

ಕಾರು ಹೋದ ಮೇಲೆ ಮಗು ಅಳತೊಡಗಿತು. ಬಾಗಿಲು ತೆಗೆದೇ ಇತ್ತು. ವಠಾರದ ಯಾರೂ ಹೊರಗೆ ಬರಲಿಲ್ಲ. ನಾನಿ ಇಳಿದು ಹೋಗಿ ಮಗುವನ್ನು ಎತ್ತಿಕೊಂಡು, ಹಾಲು ಕುಡಿಸಿ, ಬೆಳಕು ಹರಿಯುವವರೆಗೆ ಮಡಿಲಲ್ಲಿ ಇಟ್ಟುಕೊಂಡಿದ್ದರು. "ಆಮೇಲೆ ಪೋರ್ತೇರಾ ಬಂದು ಈಸ್ಕೊಂಡ್ಲು."

ಪೋರ್ತೇರಾ ಅಂದರೆ ವಠಾರ ನೋಡಿಕೊಳ್ಳುವವಳು. ಸ್ಪ್ಯಾನಿಶ್ ಮಾತು. ಆರೋಪಿಯ ವಕೀಲ ಥಟ್ಟನೆ ಆಕ್ಷೇಪಿಸಿದ: ಸಾಕ್ಷಿಗೆ ನಮ್ಮ ಭಾಷೆ ಬರುತ್ತದೆ, ಹಾಗಿದ್ದರೆ ದುಭಾಷಿ ಯಾಕೆ? ಇಬ್ಬರೂ ಸೇರಿ ಸಿದ್ಧಮಾಡಿಕೊಂಡು ಬಂದಿದ್ದಾರೆ.

ಇದನ್ನು ನಾನು ಊಹಿಸಿಯೇ ಇರಲಿಲ್ಲ; ಊಹಿಸದ್ದೊಂದು ಉಳಿದಿತ್ತು ಎಂಬುದೇ ನನಗೆ ಅವಮಾನ. ನ್ಯಾಯಾಧೀಶರು ನಾನಿಯನ್ನೇ ನೇರವಾಗಿ ನೋಡಿ, ಸ್ಪ್ಯಾನಿಶ್ ಬರುತ್ತದೆಯೇ ಎಂದು ನನ್ನಿಂದ ಕೇಳಿಸಿದರು.

ನಾನಿ ಬೆರಳು ಮಡಿಸಿದರು. "ಪಾನ್. ಲೆಚೆ. ಪುಯೆರ್ತಾ. ನೇನೆ. ಕಶಾತೆ." ಬ್ರೆಡ್ಡು, ಹಾಲು, ಬಾಗಿಲು, ಮಗು, ಬಾಯ್ಮುಚ್ಚು. "ಇಷ್ಟೇಯ. ಆಯಾ ಜೊತೆ ಇದಕ್ಕಿಂತ ಜಾಸ್ತಿ ಯಾರು ಮಾತಾಡ್ತಾರೆ?"

ಕೊನೆಯ ಶಬ್ದವನ್ನು ನಾನು ಪಾಠದಲ್ಲಿ ಕಲಿತದ್ದು "ಕಾಯಾತೆ" ಅಂತ. ಅವರದು ಆ ನದಿಯ ಎರಡೂ ದಡದವರು ಆಡುವ ಹಾಗೇ ಇತ್ತು. ನ್ಯಾಯಾಧೀಶರ ಮೀಸೆಯ ಕೆಳಗೆ ಏನೋ ಅಲುಗಿತು. ಆಕ್ಷೇಪ ತಳ್ಳಿಹಾಕಿದರು.

ಮುಂದಿನದೇ ಮುಖ್ಯವಾದ ಪ್ರಶ್ನೆ. ಬಂದವರೆಲ್ಲ ಒಂದೇ ಥರ ಇದ್ದರೇ?

"ಇಲ್ಲ. ಇಬ್ರು ಬೇರೆ ಥರ. ಗೇಟಿನ ಹತ್ರಾನೇ ನಿಂತಿದ್ರು. ಒಬ್ಬೊಬ್ಬನ ಕಂಕುಳಲ್ಲೂ ಒಂದೊಂದು ಫ್ಲಾಸ್ಕು. ಒಬ್ಬನ ಕೈಲಿ ಸೋರೆಬುರುಡೆ ಥರದ್ದು, ಚಿಕ್ಕದು, ಅದ್ರೊಳಗೆ ತಗಡಿನ ಕೊಳವೆ. ಬಿಸಿನೀರು ಹುಯ್ಯೋದು, ಕೊಳವೇಲಿ ಹೀರೋದು, ಇನ್ನೊಬ್ನಿಗೆ ಕೊಡೋದು. ಅವ್ನೂ ಅದೇ ಕೊಳವೆ ಬಾಯಿಗೆ ಇಟ್ಕೊಳ್ಳೋದು! ನಮ್ಮಲ್ಲಿ ಒಂದೇ ತಟ್ಟೇಲಿ ಉಣ್ತೀವಿ ಕಣಮ್ಮ, ಆದ್ರೆ ಎಂಜಲು ಕೊಳವೆ? ಥೂ. ಕಳ್ಳತನಕ್ಕೆ ಬರೋರು ಫ್ಲಾಸ್ಕ್ ತರ್ತಾರಾ ಅಂತ ಅನ್ಕೊಂಡೆ. ಅದಕ್ಕೇ ಮರ್ತಿಲ್ಲ."

ನನ್ನ ಪೆನ್ನು ನಿಂತಿತು. ಅವರು ಹೇಳುತ್ತಿದ್ದ ವಸ್ತು ನನಗೆ ಗೊತ್ತಿತ್ತು. ಅದು ಮಾತೆ, ಅಲ್ಲಿನವರು ಸೋರೆಬುರುಡೆಯಲ್ಲಿ ಎಲೆ ಹಾಕಿ ಬಿಸಿನೀರು ಹೊಯ್ದು ಹೀರುವ ಪಾನೀಯ. ನದಿಯ ಎರಡೂ ಬದಿಯವರು ಅದನ್ನು ಕುಡಿಯುತ್ತಾರೆ. ಆದರೆ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿ, ಬಸ್ಸು, ಆಫೀಸು ಎಲ್ಲ ಕಡೆ ತಿರುಗುವವರು ಉರುಗ್ವೆಯವರು. ಆಚೆ ದಡದವರು ಅದಕ್ಕೇ ಅವರನ್ನು ಗೇಲಿ ಮಾಡುತ್ತಾರೆ. ಆ ಕೋರ್ಟಿನಲ್ಲಿ ಇದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ.

ಮಾತೆ ಎಂಬ ಒಂದು ಶಬ್ದ ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು. ಚಂದವಾಗಿ, ಚುಟುಕಾಗಿ, ಭಾಷೆ ಬಲ್ಲವಳ ಹಾಗೆ. ಹೇಳದಿದ್ದರೆ, ಇಡೀ ದೇಶ ದಿನವೂ ಕುಡಿಯುವುದರ ಹೆಸರೇ ಗೊತ್ತಿಲ್ಲದ ದುಭಾಷಿ ಇವಳು ಅಂತ ಅವರು ನಗುತ್ತಾರೆ. ಸ್ಪ್ಯಾನಿಶ್ ಮರೆತುಹೋದ ಆ ಕನಸು ನೆನಪಾಯಿತು. ಆದರೆ ಆ ಶಬ್ದ ನಾನಿಯದಲ್ಲ. ಅವರು ಕಂಡದ್ದು ಬುರುಡೆ, ಕೊಳವೆ, ನೀರು. ಹೆಸರಿಟ್ಟರೆ ಗುರುತು ಹಿಡಿದವಳು ನಾನಾಗುತ್ತೇನೆ.

ಹೀಗಾಗಿ ಹೇಳಿದೆ: ಸೋರೆಕಾಯಿಯ ಒಣ ಬುರುಡೆಯಂಥ ಒಂದು ಸಣ್ಣ ಪಾತ್ರೆ, ಅದರೊಳಗೆ ಲೋಹದ ಕೊಳವೆ, ಬಾಯಲ್ಲಿಟ್ಟು ಹೀರುವುದು, ಅದೇ ಕೊಳವೆಯನ್ನು ಮತ್ತೊಬ್ಬನಿಗೆ ಕೊಡುವುದು. ಎಂಜಲಿಗೆ ಅವರಲ್ಲಿ ಮಾತಿಲ್ಲ. ಬೇರೆಯವರ ಬಾಯಿ ತಾಗಿ ಮೈಲಿಗೆಯಾದದ್ದು ಅಂತ ಏನೇನೋ ಸುತ್ತಿ ಹೇಳಿದೆ. ಥೂ ಎಂಬುದನ್ನು ಥೂ ಅಂತಲೇ ಹೇಳಿದೆ. ಆಚೆ ಯಾರೋ ನಕ್ಕದ್ದು ಕೇಳಿಸಿತು.

ಆಮೇಲೆ ನಗು ನಿಂತಿತು. ನ್ಯಾಯಾಧೀಶರು ಕುರ್ಚಿಗೆ ಒರಗಿದರು. ವಕೀಲೆ ಮೆಲ್ಲಗೆ ಕೇಳಿದಳು: ಉಳಿದವರೂ ಅದನ್ನು ಕುಡಿದರೇ?

"ಇಲ್ಲ. ಅವ್ರಲ್ಲೊಬ್ಬ ಫ್ಲಾಸ್ಕ್ ತೋರ್ಸಿ ಏನೋ ಅಂದ. ಅವ್ರೆಲ್ಲ ನಕ್ರು. ಈ ಇಬ್ರು ನಗ್ಲಿಲ್ಲ."

ಆರೋಪಿಯ ವಕೀಲ ಎದ್ದೇಬಿಟ್ಟ. ಸಾಕ್ಷಿ ಮಾತೆ ಎಂಬ ಶಬ್ದ ಬಳಸಿದರೇ, ದುಭಾಷಿ ಹೇಳಲಿ. ಬಳಸಲಿಲ್ಲ, ಅಂದೆ, ನಾನೂ ಬಳಸಿಲ್ಲ, ಅವರು ಹೇಳಿದ್ದನ್ನಷ್ಟೇ ಹೇಳಿದೆ. ಅವನು ನಂಬಲಿಲ್ಲ. ನ್ಯಾಯಾಧೀಶರು ತುಮಕೂರಿನ ಕಮಿಷನರನ್ನು ಕೇಳಿದರು. ನಮ್ಮ ಕಮಿಷನರು ಕನ್ನಡಕ ಏರಿಸಿ, ತಾವು ಬರೆದುಕೊಂಡಿದ್ದನ್ನು ಇಂಗ್ಲಿಷಿನಲ್ಲಿ ಒಂದೊಂದೇ ಪದವಾಗಿ ಓದಿದರು. ಬುರುಡೆ, ಕೊಳವೆ, ಬಿಸಿನೀರು, ಕೊನೆಗೆ ಬಹಳ ಗಂಭೀರವಾಗಿ, ಥೂ. ಅಲ್ಲಿನ ಗುಮಾಸ್ತೆ ಇಂಗ್ಲಿಷನ್ನು ತನ್ನ ದಾಖಲೆಯೊಂದಿಗೆ ಹೋಲಿಸಿ ನೋಡಿದಳು. ಉತ್ತರ ಹಾಗೇ ಉಳಿಯಿತು. ನಾನು ಆ ಒಂದು ಶಬ್ದ ಆಡಿದ್ದರೆ ಆ ಉತ್ತರವೇ ಅಲ್ಲೇ ಅಳಿಸಿಹೋಗುತ್ತಿತ್ತು.

ಅಷ್ಟರಲ್ಲಿ ಕಿಟಕಿಯಿಂದ ಮಗ್ರಿಬ್‌ನ, ಅಂದರೆ ಸಂಜೆ ನಮಾಜಿನ, ಆಜಾನ್ ಬಂತು. ನಾನಿ ಕೈ ಎತ್ತಿ, "ಒಂದ್ ಹತ್ ನಿಮಿಷ ಬುಡಿ" ಅಂದರು. ಅದನ್ನೂ ಅನುವಾದಿಸಿದೆ. ಕೋರ್ಟು ಬಿಟ್ಟಿತು. ಬೇಕರಿಯವರ ನಲ್ಲಿಯಲ್ಲಿ ಅವರು ಕೈಕಾಲು ತೊಳೆದು ಬಂದರು. ಕಮಿಷನರು ತಮ್ಮ ಕುರ್ಚಿ ಸರಿಸಿ ಮೂಲೆಯಲ್ಲಿ ಜಾಗ ಮಾಡಿಕೊಟ್ಟರು. ನಾನು ಡಾಂಗಲ್ಲಿನ ದೀಪ ಉರಿಯುತ್ತಿದೆಯೇ ಅಂತ ನೋಡುತ್ತಾ ನಿಂತೆ. ನನ್ನ ಪ್ರಾರ್ಥನೆ ಅದೇ.

ಮರಳಿ ಕೂತಾಗ ಆರೋಪಿಯ ವಕೀಲನ ಸರದಿ. ಅವನು ಮೊದಲು ಒಂದು ಹಳೆಯ ಫೋಟೊ ತೋರಿಸಿದ, ಆರೋಪಿಯ ಆ ಕಾಲದ ಮುಖ. ಇವರು ಅವತ್ತು ಇದ್ದರೇ?

ನಾನಿ ಪರದೆಯ ಹತ್ತಿರ ಬಗ್ಗಿ ನೋಡಿದರು. "ಗೊತ್ತಿಲ್ಲ. ಮೇಲಿಂದ ನೋಡಿದ್ದು, ಟೋಪಿ ಇತ್ತು. ಇವ್ನೇ ಅಂತ ಹೇಳಾಕಾಗಲ್ಲ."

ಅದನ್ನೂ ಹಾಗೇ ಹೇಳಿದೆ. ಮಗಳ ಪರ ವಕೀಲೆಯ ಮುಖ ಅಲುಗಲಿಲ್ಲ. ಮೂಲೆಯ ಚೌಕದ ಹೆಂಗಸು ಕಣ್ಣು ಮುಚ್ಚಿ ತೆರೆದಳು.

ಆಮೇಲೆ ಅವನು ತನ್ನ ಗಟ್ಟಿ ಪ್ರಶ್ನೆಗೆ ಬಂದ. ಹಗಲೆಲ್ಲ ದುಡಿಯುವ ಆಯಾ ಅಷ್ಟು ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಯಾಕಿದ್ದಳು? ಇಡೀ ವಠಾರ ಮಲಗಿರುವಾಗ? ದೀಪ ಹಾಕಿದ್ದರೆ ಕೆಳಗಿದ್ದವರಿಗೆ ಕಾಣುತ್ತಿರಲಿಲ್ಲವೇ?

"ರೋಜಾ ಇತ್ತಲ್ಲ" ಅಂದರು ನಾನಿ, ಇಷ್ಟೂ ಗೊತ್ತಿಲ್ಲವಾ ಎಂಬಂತೆ. "ರಂಜಾನು. ಹೊತ್ತು ಹುಟ್ಟೋಕೆ ಮುಂಚೆ ಸಹರಿ ತಿನ್ಬೇಕು. ಆ ಮನೇಲಿ ರೋಜಾ ಇದ್ದೋಳು ನಾನೊಬ್ಳೇ. ಲೈಟ್ ಹಾಕಿದ್ರೆ ಅಮ್ಮಾವ್ರಿಗೆ ಎಚ್ಚರ ಆಗ್ತದೆ ಅಂತ ಕತ್ತಲಲ್ಲೇ ತಿಂತಿದ್ದೆ. ಬ್ರೆಡ್ಡು, ಬಾಳೆಹಣ್ಣು. ಅದಕ್ಕೇ ಅವ್ರಿಗೆ ನಾನು ಕಾಣ್ಸಿಲ್ಲ, ನಂಗೆ ಅವ್ರು ಕಂಡ್ರು."

ಮಗಳ ಪರ ವಕೀಲೆ ಪೆನ್ನು ಕೆಳಗಿಟ್ಟಳು. ಅವಳಿಗೂ ಇದು ಹೊಸದು. ರಂಜಾನ್ ವರ್ಷ ವರ್ಷ ಹಿಂದೆ ಸರಿಯುತ್ತದಲ್ಲ, ಆ ವರ್ಷ ಯಾವಾಗಿತ್ತು ಅಂತ ಯಾರಿಗೆ ಗೊತ್ತು ಅಂದ ಆರೋಪಿಯ ವಕೀಲ. ನ್ಯಾಯಾಧೀಶರು ಗುಮಾಸ್ತೆಗೆ ಏನೋ ಹೇಳಿದರು. ಆಕೆ ಕೀಲಿ ಒತ್ತಿ ಹುಡುಕಿದಳು. ಗುಮಾಸ್ತೆ ಓದಿದಳು: ಆ ವರ್ಷ ರಂಜಾನ್ ಸೆಪ್ಟೆಂಬರಿನಲ್ಲಿ. ತಾಯಿ ಕಾಣೆಯಾದಳೆಂದು ಆ ಮಗುವಿನ ಅಜ್ಜ ಅಜ್ಜಿ ದೂರು ಕೊಟ್ಟದ್ದೂ ಅದೇ ತಿಂಗಳು. ವಕೀಲ ತನ್ನ ಹಾಳೆಗಳನ್ನು ಮಡಿಸಿದ. ಬೇರೆ ಪ್ರಶ್ನೆ ಇಲ್ಲ ಅಂದ.

ಇಷ್ಟರಿಂದಲೇ ಯಾರಿಗೂ ಶಿಕ್ಷೆಯಾಗುವುದಿಲ್ಲ, ಗೊತ್ತು. ಇಬ್ಬರು ಕಂಕುಳಲ್ಲಿ ಫ್ಲಾಸ್ಕ್ ಇಟ್ಟುಕೊಂಡಿದ್ದರು ಎಂಬುದು ಒಂದು ಇಟ್ಟಿಗೆ ಅಷ್ಟೆ. ಆದರೆ ನದಿ ಯಾರೂ ದಾಟಲಿಲ್ಲ ಎಂಬ ಮಾತಿಗೆ ಎದುರಾಗಿ ಮೊದಲ ಸಲ ಏನೋ ನಿಂತಿತ್ತು.

ನ್ಯಾಯಾಧೀಶರು ವಂದನೆ ಹೇಳಿ, ಸಾಕ್ಷಿಗೆ ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅದು ರೂಢಿಯ ಪ್ರಶ್ನೆ, ಇಲ್ಲ ಅನ್ನುವುದೇ ರೂಢಿಯ ಉತ್ತರ.

"ಆ ಮಗು ಇತ್ತಲ್ಲ, ಏನಾಯ್ತು?" ಅಂದರು ನಾನಿ.

ನಾನು ಹೇಳಿದೆ. ನ್ಯಾಯಾಧೀಶರು ಸ್ವಲ್ಪ ಯೋಚಿಸಿ, ಮೂಲೆಯ ಚೌಕದ ಕಡೆ ಕೈ ತೋರಿಸಿದರು. ಕನ್ನಡಕದ ಹೆಂಗಸು ಅರ್ಧ ಕೈ ಎತ್ತಿದಳು.

ನಾನಿ ಬಹಳ ಹೊತ್ತು ನೋಡಿದರು. "ಇವ್ಳಾ?" ಅಂದರು. ಆಮೇಲೆ ಪರದೆಗೆ, ಅವಳೊಬ್ಬಳಿಗೇ ಹೇಳುವ ಹಾಗೆ: "ನಿಂಗೆ ಅವತ್ತು ನಾನು ನಮ್ಮ ಮನೆ ಮಗೀನ ಹಾಲು ಕುಡಿಸಿಬಿಟ್ಟೆ ಕಣವ್ವ. ಅದು ಎರಡ್ ವರ್ಷದ ಮಗೀದು, ಗಟ್ಟಿ ಹಾಲು. ನೀರು ಬೆರೆಸೋದು ಗಾಬ್ರೀಲಿ ಮರ್ತೋಯ್ತು. ಹೊಟ್ಟೆ ಕೆಟ್ಟಿತಾ?"

ಒಂದಕ್ಷರ ಬಿಡದೆ ಹೇಳಿದೆ. ನನ್ನ ದನಿ ಸರಿಯಾಗೇ ಇತ್ತು. ಅವಳು ಕನ್ನಡಕ ತೆಗೆದಳು, ಮುಂದಕ್ಕೆ ಬಾಗಿದಳು, ಮಾತಾಡತೊಡಗಿದಳು. ಕೇಳುಗರ ಮೈಕ್ ಮೊದಲಿಂದಲೂ ಬಂದ್ ಇತ್ತು. ಅದನ್ನು ತೆಗೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ಒಮ್ಮೆ ನಕ್ಕಳು, ಇನ್ನೂ ಏನೋ ಹೇಳಿದಳು. ನಾನು ಪರದೆಗೆ ಕೈ ಬೀಸುತ್ತಿರುವಾಗಲೇ ಹೊತ್ತು ಮುಗಿದು ಎಲ್ಲ ಚೌಕಗಳೂ ಕಪ್ಪಾದವು.

"ಏನಂದ್ಲು?"

ಹೊಟ್ಟೆ ಕೆಡಲಿಲ್ಲವಂತೆ ಅಂದುಬಿಡಬಹುದಿತ್ತು. ಕೈಕೂಸಾಗಿದ್ದವಳಿಗೆ ಅದು ಗೊತ್ತಿರುವುದು ಹೇಗೆ? ಅವಳು ಆಡಿದ್ದು ಬೇರೆ ಏನೋ. ತೀರ್ಪು ಬರುವವರೆಗೆ ನಾನು ಅವಳನ್ನು ಕೇಳುವ ಹಾಗಿಲ್ಲ. ತೀರ್ಪು ಇನ್ನೂ ಬಂದಿಲ್ಲ.

"ಕೇಳಿಸ್ಲಿಲ್ಲ ನಾನಿ."

"ಬಾಯಿ ಆಡ್ತಿತ್ತಲ್ಲ?"

"ಮೈಕ್ ಆಫ್ ಇತ್ತು."

ನಾನಿ ಕಪ್ಪಾದ ಪರದೆಯನ್ನು ಇನ್ನೊಮ್ಮೆ ನೋಡಿ ಎದ್ದರು. ಬುರ್ಖಾ ಸರಿಮಾಡಿಕೊಂಡು ಮೆಟ್ಟಿಲಿನ ಕಡೆ ಹೊರಟವರು ನಿಂತರು.

"ಇಲ್ಲ ಅನ್ನೋದಾಗಿದ್ರೆ ಅಷ್ಟುದ್ದ ಮಾತಾಡ್ತಿರ್ಲಿಲ್ಲ ಬುಡು," ಅಂದರು. "ಕೆಟ್ಟಿತ್ತು ಅಂತ ಕಾಣ್ತದೆ."